ವಾಷಿಂಗ್ಟನ್ನಿನ ಮೊಗಸಾಲೆಯಲ್ಲಿ ಪೊಲೀಸ್ ಸಂಘ

ಉಕ್ಕಿನ ಕುಲುಮೆಗಳ ಊರಾದ ಪಿಟ್ಸ್‌ಬರ್ಗ್‌ನಲ್ಲಿ 1915ರ ಹೊತ್ತಿಗೆ ಪೊಲೀಸರ ಪಾಳಿ 12 ತಾಸಿನದು. ವಾರದ ರಜೆಯ ಮಾತೇ ಇರಲಿಲ್ಲ, ವರ್ಷದ 365 ದಿನವೂ ಗಸ್ತು. ಮಾರ್ಟಿನ್ ಟೂಲ್, ಡೆಲ್ಬರ್ಟ್ ನೇಗಲ್ ಎಂಬ ಇಬ್ಬರು ಪೊಲೀಸರು ಇದಕ್ಕೊಂದು ದಾರಿ ಹುಡುಕಲೇಬೇಕೆಂದು ನಿಶ್ಚಯಿಸಿ, ಆ ವರ್ಷದ ಮೇ 14ರಂದು ಧೈರ್ಯ ಮಾಡಿದ 21 ಮಂದಿ ಜೊತೆಗಾರರನ್ನು ಕೂಡಿಸಿಕೊಂಡು ಸಭೆ ಸೇರಿದರು. ಹೀಗೆ ಹುಟ್ಟಿದ್ದು ‘ಫೋರ್ಟ್ ಪಿಟ್’ ಶಾಖೆ; ಸಂಸ್ಥೆಯ ಹೆಸರು ಫ್ರೆಟರ್ನಲ್ ಆರ್ಡರ್ ಆಫ್ ಪೊಲೀಸ್ (ಎಫ್‌ಒಪಿ), ಅಂದರೆ ಪೊಲೀಸರ ಭ್ರಾತೃಸಂಘ. ಕಾರ್ಮಿಕ ಸಂಘ ಎಂದು ಕರೆದುಕೊಂಡರೆ ನಗರಸಭೆ ಕೆರಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನ ಕಾರ್ಮಿಕ ಒಕ್ಕೂಟಗಳ ಸಹವಾಸ ಬೇಡ, ಮುಷ್ಕರ ಬೇಡ ಎಂಬ ನಿಲುವಿನಿಂದಲೇ ಸಂಘ ಬೆಳೆಯಿತು. ಇಂದು 3.7 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ ಎಂದು ಹೇಳಿಕೊಳ್ಳುವ ಎಫ್‌ಒಪಿ ಅಮೆರಿಕದ ಅತಿ ದೊಡ್ಡ ಪೊಲೀಸ್ ಸಂಘಟನೆ.

ಆ ಎಚ್ಚರಿಕೆ ಎಷ್ಟು ಸರಿಯಾಗಿತ್ತೆಂಬುದಕ್ಕೆ ನಾಲ್ಕೇ ವರ್ಷದಲ್ಲಿ ಸಾಕ್ಷಿ ಸಿಕ್ಕಿತು. ಬಾಸ್ಟನ್ ಪೊಲೀಸರು ಅಮೆರಿಕನ್ ಫೆಡರೇಷನ್ ಆಫ್ ಲೇಬರ್ ಎಂಬ ಕಾರ್ಮಿಕ ಒಕ್ಕೂಟ ಸೇರಲು ಹೊರಟಾಗ ಕಮಿಷನರ್ ಎಡ್ವಿನ್ ಕರ್ಟಿಸ್ ಮುಂದಾಳುಗಳನ್ನು ಅಮಾನತು ಮಾಡಿದರು. 1919ರ ಸೆಪ್ಟೆಂಬರ್ 9ರಂದು 1,544 ಪೊಲೀಸರ ಪೈಕಿ 1,117 ಮಂದಿ ಕೆಲಸ ಬಿಟ್ಟು ಹೊರನಡೆದರು. ಊರಲ್ಲಿ ಲೂಟಿಯಾಯಿತು, ಜೀವಗಳು ಹೋದವು, ರಾಜ್ಯದ ಸಶಸ್ತ್ರ ಪಡೆ ಬೀದಿಗಿಳಿಯಿತು. ಮುಷ್ಕರ ಹೂಡಿದ ಒಬ್ಬರನ್ನೂ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಕಠಿಣ ನಿಲುವು ತಳೆದ ಗವರ್ನರ್ ಕ್ಯಾಲ್ವಿನ್ ಕೂಲಿಡ್ಜ್ ಮರುವರ್ಷ ಉಪಾಧ್ಯಕ್ಷರಾಗಿ ಚುನಾಯಿತರಾದರು, 1923ರಲ್ಲಿ ದೇಶದ ಅಧ್ಯಕ್ಷರೂ ಆದರು. ಪೊಲೀಸ್ ಕಾರ್ಮಿಕ ಸಂಘದ ಕನಸು ಅಲ್ಲಿಗೆ ಹಲವು ದಶಕಗಳ ಕಾಲ ಮುದುಡಿಕೊಂಡಿತು. ಭ್ರಾತೃಸಂಘ ಮಾತ್ರ ಬದುಕಿಕೊಂಡಿತು.

ಸಮವಸ್ತ್ರದವರ ಸಂಘಟನೆ ಕಂಡರೆ ಸರ್ಕಾರಗಳಿಗೆ ಆಗುವ ಈ ಅಳುಕು ಭಾರತಕ್ಕೂ ಹೊಸತಲ್ಲ. ನಮ್ಮ ಸಂವಿಧಾನದ 33ನೇ ವಿಧಿ ಪೊಲೀಸರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಅದರಂತೆ 1966ರಲ್ಲಿ ಬಂದ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಪೊಲೀಸರು ಕಾರ್ಮಿಕ ಸಂಘ ಸೇರುವಂತಿಲ್ಲ. ಕರ್ನಾಟಕದಲ್ಲಿ 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಪೊಲೀಸರಿಗೆ ಕರೆ ಹೋದಾಗ ಸರ್ಕಾರ ಬಿಗಿ ಹಿಡಿಯಿತು, ಕರೆ ಕೊಟ್ಟವರು ಜೈಲು ಸೇರಿದರು, ರಜೆಯ ಚಳವಳಿ ಅಲ್ಲಿಗೇ ನಿಂತಿತು. ಆದರೂ ಸಂಬಳ, ರಜೆ, ಆರ್ಡರ್ಲಿ ಚಾಕರಿಯ ದೂರುಗಳು ಆಗ ಬೀದಿಗೆ ಬಂದವು. ವೇತನದ ಬಗ್ಗೆ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಸಮಿತಿ ಕೊಟ್ಟ ಶಿಫಾರಸುಗಳು ಆಮೇಲೆ ಬಹುಕಾಲ ಸುದ್ದಿಯಲ್ಲಿದ್ದವು.

ಅಮೆರಿಕದಲ್ಲಿ ಪೊಲೀಸ್ ವ್ಯವಸ್ಥೆ ನಮ್ಮದಕ್ಕಿಂತಲೂ ಚೂರುಚೂರು. ಇಲ್ಲಿ ಅದು ರಾಜ್ಯಪಟ್ಟಿಯ ವಿಷಯವಾದರೆ, ಅಲ್ಲಿ ಊರಿಗೊಂದು, ಕೌಂಟಿಗೊಂದು ಪಡೆ. ಎಲ್ಲ ಸೇರಿ ಸುಮಾರು 18,000 ಇಲಾಖೆಗಳು. ಸಂಬಳ, ಪಾಳಿ, ಶಿಸ್ತುಕ್ರಮಗಳನ್ನೆಲ್ಲ ನಿರ್ಧರಿಸುವುದು ನಗರಸಭೆ ಮತ್ತು ರಾಜ್ಯ ಶಾಸನಸಭೆ. ಹೀಗಿರುವಾಗ ಪೊಲೀಸ್ ಸಂಘಕ್ಕೆ ವಾಷಿಂಗ್ಟನ್ನಿನಲ್ಲಿ ಏನು ಕೆಲಸ? ಅನುದಾನದ ಹಣ, ಬಂದೂಕಿನ ಕಾನೂನು, ಪಿಂಚಣಿ, ನಾಗರಿಕ ಹಕ್ಕುಗಳ ಮೊಕದ್ದಮೆ ಈ ನಾಲ್ಕರ ಕೀಲಿಕೈ ಅಲ್ಲಿದೆ. ಹಾಗಾಗಿಯೇ ಎಫ್‌ಒಪಿ ಸಂಸತ್ ಭವನದ ಸಮೀಪದಲ್ಲೇ ತನ್ನ ಶಾಸನ ಕಚೇರಿ ಇಟ್ಟುಕೊಂಡಿದೆ. ಪ್ರತಿ ಸಂಸತ್ತಿನ ಅವಧಿಗೂ ತನ್ನ ಆದ್ಯತೆಯ ಮಸೂದೆಗಳ ಪಟ್ಟಿ ಹೊರಡಿಸುತ್ತದೆ, ವರ್ಷಕ್ಕೊಮ್ಮೆ ದೇಶದ ಮೂಲೆಮೂಲೆಯ ಸದಸ್ಯರನ್ನು ಕರೆಸಿ ಅವರವರ ಕ್ಷೇತ್ರದ ಜನಪ್ರತಿನಿಧಿಗಳ ಮುಂದೆ ಕೂರಿಸುತ್ತದೆ.

ಅದರ ಬಲದ ಬೇರು ಇರುವುದು ಮಾತ್ರ ಆ ಕಚೇರಿಯಲ್ಲಲ್ಲ, ಸಾವಿನ ನೆನಪಿನಲ್ಲಿ. ಕರ್ತವ್ಯದಲ್ಲಿ ಮಡಿದ ಪೊಲೀಸರ ಸ್ಮರಣೆಗೆ ಮೇ 15ನ್ನು ಮೀಸಲಿಟ್ಟವರು ಅಧ್ಯಕ್ಷ ಕೆನಡಿ, 1962ರಲ್ಲಿ. 1982ರಲ್ಲಿ ಸೆನೆಟ್ ಪಾರ್ಕಿನಲ್ಲಿ ನಡೆದ ಸ್ಮರಣಾ ಸಭೆಗೆ ಬಂದಿದ್ದವರು ಸುಮಾರು 120 ಮಂದಿ. ಎಫ್‌ಒಪಿ ಮತ್ತು ಸದಸ್ಯರ ಕುಟುಂಬದವರ ಸಹಾಯಕ ಸಂಘ ಮುತುವರ್ಜಿಯಿಂದ ಬೆಳೆಸಿದ ಆ ಸಭೆ ಈಗ ಸಾವಿರಾರು ಜನ ಸೇರುವ, ದೇಶದ ಅಧ್ಯಕ್ಷರೇ ಬಂದು ಮಾತಾಡುವ ಕಾರ್ಯಕ್ರಮ. ಗಂಡನನ್ನು ಕಳೆದುಕೊಂಡ ಹೆಂಡತಿ, ಅಪ್ಪನ ಬ್ಯಾಡ್ಜ್ ಹಿಡಿದ ಮಗು ಮುಂದಿನ ಸಾಲಿನಲ್ಲಿ ಕೂತಿರುವಾಗ ಯಾವ ಪಕ್ಷದ ಸಂಸದನಿಗೂ ಮುಖ ತಿರುಗಿಸಲಾಗದು. ಮಡಿದ ಪೊಲೀಸರ ಕುಟುಂಬಕ್ಕೆ ಕೇಂದ್ರ ಸರ್ಕಾರವೇ 50,000 ಡಾಲರ್ ಕೊಡುವ ಕಾಯ್ದೆಗೆ ಜೆರಾಲ್ಡ್ ಫೋರ್ಡ್ 1976ರಲ್ಲಿ ಅಂಕಿತ ಹಾಕಿದ್ದರು. 1988ರಲ್ಲಿ ಅದು ಒಂದು ಲಕ್ಷವಾಯಿತು, 2001ರಲ್ಲಿ ಎರಡೂವರೆ ಲಕ್ಷ. ಇದಕ್ಕಾಗಿ ಪೊಲೀಸ್ ಸಂಘಟನೆಗಳು ಪಟ್ಟ ಪಾಡು ಪೂರ್ತಿ ನ್ಯಾಯವಾದದ್ದು. ಆ ಹಣ ಸೇರಬೇಕಾದ ಮನೆಗೇ ಸೇರಿತು.

1980ರ ದಶಕದಲ್ಲಿ ಸಂಘ ಬಂದೂಕು ಮಾಲೀಕರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿಗೆ ಎದುರಾಗಿ ನಿಂತಿತು ಎಂದರೆ ಇಂದಿನವರು ನಂಬಲಿಕ್ಕಿಲ್ಲ. ಪೊಲೀಸರ ಗುಂಡು ನಿರೋಧಕ ಅಂಗಿಯನ್ನೂ ಸೀಳಬಲ್ಲ ಗುಂಡುಗಳ ಕುರಿತು 1982ರಲ್ಲಿ ಟೀವಿ ವರದಿಯೊಂದು ಬಂದು ದೇಶವೆಲ್ಲ ಬೆಚ್ಚಿತ್ತು. ನ್ಯೂಯಾರ್ಕಿನ ಸಂಸದ ಮಾರಿಯೊ ಬಿಯಾಜಿ ಇಪ್ಪತ್ತಮೂರು ವರ್ಷ ಪೊಲೀಸ್ ಕೆಲಸ ಮಾಡಿ ಬಂದವರು. ಆ ಗುಂಡುಗಳನ್ನು ನಿಷೇಧಿಸುವ ಮಸೂದೆಯ ಹಿಂದೆ ಅವರು ಬಿಡದೆ ನಿಂತರು. ರೈಫಲ್ ಸಂಘ ಬಲವಾಗಿ ವಿರೋಧಿಸಿ, ಮಸೂದೆಯ ವ್ಯಾಖ್ಯೆ ಬದಲಾದ ಮೇಲೆ ಪಟ್ಟು ಸಡಿಲಿಸಿತು. 1986ರ ಆಗಸ್ಟಿನಲ್ಲಿ ರೇಗನ್ ಅಂಕಿತ ಹಾಕಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದೂಕು ಮಾರಾಟದ ನಿಯಮ ಸಡಿಲಿಸುವ ಮಸೂದೆ ಮತಕ್ಕೆ ಬಂದಾಗ ಸಮವಸ್ತ್ರ ತೊಟ್ಟ ಪೊಲೀಸರು ಪ್ರತಿನಿಧಿ ಸಭೆಯ ಸಭಾಂಗಣದ ಹೊರಗೆ ಸಾಲಾಗಿ ನಿಂತಿದ್ದರು. ಮಸೂದೆಯನ್ನು ಪೂರ್ತಿ ತಡೆಯಲು ಆಗಲಿಲ್ಲ. ಆದರೆ ಬೇರೆ ರಾಜ್ಯದವರಿಗೆ ಕೈಬಂದೂಕು ಮಾರುವುದರ ಮೇಲಿದ್ದ ನಿರ್ಬಂಧ ಉಳಿಯಿತು.

ಮುಂದೆ ಡೂಯಿ ಸ್ಟೋಕ್ಸ್ ಅಧ್ಯಕ್ಷಗಿರಿಯಲ್ಲಿ ಸಂಘ ಬ್ರಾಡಿ ಮಸೂದೆಯ ಬೆನ್ನಿಗೆ ನಿಂತಿತು. ಕೈಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕೆಂಬ ಆ ಕಾಯ್ದೆಗೆ ಕ್ಲಿಂಟನ್ 1993ರ ನವೆಂಬರ್ 30ರಂದು ಸಹಿ ಹಾಕಿದರು. ಮರುವರ್ಷ ಬಂದ ಭಾರಿ ಅಪರಾಧ ಕಾಯ್ದೆ ಬೀದಿಗೆ ಒಂದು ಲಕ್ಷ ಹೊಸ ಪೊಲೀಸರನ್ನು ತರುವ ಅನುದಾನ ಒದಗಿಸಿತು. ಸಂಘ ಅದನ್ನೂ ಬೆಂಬಲಿಸಿತ್ತು. 1988ರಲ್ಲಿ ರಿಪಬ್ಲಿಕನ್ ಪಕ್ಷದ ಹಿರಿಯ ಬುಷ್ ಪರ ನಿಂತಿದ್ದ ಅದೇ ಸಂಘ 1996ರಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಪರ ನಿಂತಿತು. ಎರಡೂ ಪಕ್ಷಗಳಿಗೆ ತಾನು ಬೇಕಾಗಿರುವಂತೆ ನೋಡಿಕೊಂಡ ಆ ಒಂದು ದಶಕ, ಸಂಘದ ಇತಿಹಾಸದಲ್ಲೇ ಅತ್ಯಂತ ಫಲ ಕೊಟ್ಟ ಕಾಲ.

ಅದೇ ಬಲವನ್ನು ಸಂಘ ಇನ್ನೊಂದಕ್ಕೂ ಬಳಸಿತು. ಕಥೆ ತಿರುಗುವುದು ಇಲ್ಲಿ. ಪೊಲೀಸರ ಮೇಲೆ ಇಲಾಖಾ ವಿಚಾರಣೆ ನಡೆಯುವಾಗ ಅವರನ್ನು ಯಾವ ಹೊತ್ತಿನಲ್ಲಿ, ಯಾರು, ಹೇಗೆ ಪ್ರಶ್ನಿಸಬೇಕು, ಎಷ್ಟು ಮುಂಚೆ ತಿಳಿಸಬೇಕು ಎಂದು ಗೊತ್ತುಪಡಿಸುವ ‘ಪೊಲೀಸ್ ಅಧಿಕಾರಿಗಳ ಹಕ್ಕುಪತ್ರ’ದ ಬೇಡಿಕೆ ಅದು. ರಾಜ್ಯಗಳ ಪೈಕಿ ಮೊದಲು, 1974ರಲ್ಲಿ, ಇದನ್ನು ಕಾನೂನಾಗಿಸಿದ್ದು ಮೇರಿಲ್ಯಾಂಡ್. ರಾಷ್ಟ್ರಮಟ್ಟದಲ್ಲಿ ಇಂಥದ್ದೊಂದು ಮಸೂದೆಯನ್ನು 1991ರಲ್ಲಿ ಸೆನೆಟ್ಟಿಗೆ ತಂದವರು ಜೋ ಬೈಡನ್. ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್‌ನನ್ನು ಬಡಿದ ದೃಶ್ಯ ಜಗತ್ತೆಲ್ಲ ನೋಡಿದ್ದೂ ಅದೇ ವರ್ಷ. ನಿರಪರಾಧಿ ಪೊಲೀಸನಿಗೆ ರಕ್ಷಣೆ ಬೇಕೆಂಬುದನ್ನು ಅಲ್ಲಗಳೆಯಲಾಗದು. ಮೇಲಧಿಕಾರಿಯ ಸಿಟ್ಟಿಗೆ ಕೆಲಸ ಕಳೆದುಕೊಂಡ ಪೇದೆಗಳು ಎಲ್ಲ ದೇಶದಲ್ಲೂ ಇದ್ದಾರೆ. ಆದರೆ ಲಾಠಿ, ಬಂದೂಕು, ಬಂಧನದ ಅಧಿಕಾರ ಮೂರನ್ನೂ ಕೈಲಿಟ್ಟುಕೊಂಡವರು ಸಾಮಾನ್ಯ ಆರೋಪಿಗೆ ಇಲ್ಲದ ಕಾಲಾವಕಾಶವನ್ನು ತಮಗೆ ಕೇಳಿದಾಗ, ಏಟು ತಿಂದವರ ಕಣ್ಣಿಗೆ ಅದು ಹೇಗೆ ಕಂಡೀತು ಎಂಬ ಪ್ರಶ್ನೆಗೆ ಸಂಘ ಕಿವಿಗೊಡಲಿಲ್ಲ. ಆ ಕೇಂದ್ರ ಮಸೂದೆ ಮತ್ತೆಮತ್ತೆ ಮಂಡನೆಯಾದರೂ ಕಾಯ್ದೆಯಾಗಲಿಲ್ಲ.

ವಿಷಾದದ ಸಂಗತಿಯೆಂದರೆ, ಅತ್ಯಂತ ನ್ಯಾಯವಾದ ಬೇಡಿಕೆಯೂ ಹಾಗೆಯೇ ಬಿದ್ದುಹೋಯಿತು. ರಾಜ್ಯ ಮತ್ತು ನಗರಗಳ ನೌಕರರನ್ನು 1935ರ ಕಾರ್ಮಿಕ ಕಾಯ್ದೆ ಹೊರಗಿಟ್ಟಿತ್ತು. ಆಡಳಿತದೊಡನೆ ಕೂತು ಸಂಬಳ ಚೌಕಾಶಿ ಮಾಡುವ ಹಕ್ಕು ಒಂದು ರಾಜ್ಯದ ಪೊಲೀಸರಿಗಿದ್ದರೆ ಪಕ್ಕದ ರಾಜ್ಯದವರಿಗಿಲ್ಲ. ನಾರ್ತ್ ಕ್ಯಾರೊಲೈನಾದಂಥ ಕಡೆ ಕಾನೂನೇ ಅದನ್ನು ನಿಷೇಧಿಸಿತ್ತು. ಎಲ್ಲ ರಾಜ್ಯಗಳ ಪೊಲೀಸರಿಗೂ ಅಗ್ನಿಶಾಮಕರಿಗೂ ಕನಿಷ್ಠ ಚೌಕಾಶಿ ಹಕ್ಕು ಕೊಡುವ ಮಸೂದೆ 2007ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 314–97 ಮತಗಳಿಂದ ಗೆದ್ದಿತು. ಮುಷ್ಕರಕ್ಕೆ ಅದರಲ್ಲಿ ಅವಕಾಶವಿರಲಿಲ್ಲ. ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಟೆಡ್ ಕೆನಡಿ ಜೊತೆಗೆ ರಿಪಬ್ಲಿಕನ್ ಜುಡ್ ಗ್ರೆಗ್ ಕೂಡ ಬೆನ್ನಿಗಿದ್ದರು. 2008ರ ಮೇ ತಿಂಗಳಲ್ಲಿ ಚರ್ಚೆ ಆರಂಭಿಸಲು 69 ಮತ ಬಿದ್ದವು. ಅಲ್ಲಿಂದ ಮುಂದೆ ರಾಜ್ಯಗಳ ಹಕ್ಕಿನ ವಾದ, ಕೌಂಟಿ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳ ಮತ್ತು ನಗರಾಡಳಿತಗಳ ವಿರೋಧ, ತಿದ್ದುಪಡಿಗಳ ಜಗ್ಗಾಟದಲ್ಲಿ ಸಿಕ್ಕಿಕೊಂಡ ಮಸೂದೆಯನ್ನು ಹಿಂತೆಗೆಯಬೇಕಾಯಿತು. 2010ರಲ್ಲಿ ಮತ್ತೊಮ್ಮೆ ಯತ್ನ ನಡೆದು ಅದೂ ಕೈಗೂಡಲಿಲ್ಲ.

ಇದಕ್ಕೆ ಹೋಲಿಸಿದರೆ ಬಂದೂಕಿನ ಗೆಲುವು ಎಷ್ಟು ಸಲೀಸು! ಸೇವೆಯಲ್ಲಿರುವ ಮತ್ತು ನಿವೃತ್ತ ಪೊಲೀಸರು ದೇಶದ ಯಾವ ರಾಜ್ಯದಲ್ಲಾದರೂ ಬಂದೂಕನ್ನು ಮರೆಯಲ್ಲಿಟ್ಟುಕೊಂಡು ಓಡಾಡಬಹುದೆಂಬ ಕಾಯ್ದೆಗೆ ಕಿರಿಯ ಬುಷ್ 2004ರ ಜುಲೈ 22ರಂದು ಅಂಕಿತ ಹಾಕಿದರು. ಪ್ರತಿನಿಧಿ ಸಭೆಯಲ್ಲಿ ಅದಕ್ಕೆ ಧ್ವನಿಮತ, ಸೆನೆಟ್‌ನಲ್ಲಿ ಸರ್ವಾನುಮತ. ಪೊಲೀಸ್ ಮುಖ್ಯಸ್ಥರ ಅಂತಾರಾಷ್ಟ್ರೀಯ ಸಂಘವೇ ಇದನ್ನು ವಿರೋಧಿಸಿತ್ತು. ಹೊರರಾಜ್ಯದಿಂದ ಬಂದ ಬಂದೂಕುಧಾರಿ ಯಾರು, ಅವರ ತರಬೇತಿ ಎಂಥದು ಎಂದು ಸ್ಥಳೀಯ ಇಲಾಖೆಗೆ ಗೊತ್ತಾಗುವುದಿಲ್ಲ ಎಂಬ ಅವರ ಆತಂಕಕ್ಕೆ ಬೆಲೆ ಸಿಗಲಿಲ್ಲ. ಸಂಬಳಕ್ಕಾಗಿ ಮಾತಾಡುವ ಹಕ್ಕು ಕೊಡಲು ಹಿಂಜರಿದ ಸಂಸತ್ತು ಬಂದೂಕು ಒಯ್ಯುವ ಹಕ್ಕನ್ನು ಮತ ಎಣಿಸದೆಯೇ ಕೊಟ್ಟಿತು.

ಪೊಲೀಸರ ವಿರುದ್ಧ ಫರ್ಗುಸನ್ ಊರಿನಲ್ಲಿ ನಡೆದ 2014ರ ಪ್ರತಿಭಟನೆಗಳ ಬಳಿಕ ಒಬಾಮ ಸೇನೆಯ ಕೆಲವು ಸಾಮಗ್ರಿ ಸ್ಥಳೀಯ ಪೊಲೀಸರ ಕೈಗೆ ಹೋಗದಂತೆ ನಿರ್ಬಂಧಿಸಿದ್ದರು. ಎಫ್‌ಒಪಿ 2016ರಲ್ಲಿ ಟ್ರಂಪ್ ಪರ ನಿಂತಿತು. 2017ರ ಆಗಸ್ಟ್ 28ರಂದು ಆ ನಿರ್ಬಂಧ ತೆಗೆದುಹಾಕುವ ಘೋಷಣೆಯನ್ನು ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಮಾಡಿದ್ದು ನ್ಯಾಶ್‌ವಿಲ್‌ನ ಎಫ್‌ಒಪಿ ಸಮ್ಮೇಳನದ ವೇದಿಕೆಯಿಂದಲೇ. ಹಾಗೆಂದು ಸಂಘ ಪ್ರತಿ ಸುಧಾರಣೆಗೂ ಅಡ್ಡ ನಿಂತಿತೆಂದು ಹೇಳಿದರೆ ಅನ್ಯಾಯವಾದೀತು. ಕೈದಿಗಳ ಶಿಕ್ಷೆ ತಗ್ಗಿಸಲು ದಾರಿ ಮಾಡಿದ 2018ರ ‘ಫಸ್ಟ್ ಸ್ಟೆಪ್’ ಕಾಯ್ದೆಯನ್ನು ಅದು ಬೆಂಬಲಿಸಿತ್ತು.

ನಿಜವಾದ ಪರೀಕ್ಷೆ ಬಂದದ್ದು 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ. ಕುತ್ತಿಗೆ ಅಮುಕುವ ಪಟ್ಟುಗಳಿಗೆ ತಡೆ, ತಪ್ಪಿತಸ್ಥ ಪೊಲೀಸರ ರಾಷ್ಟ್ರೀಯ ದಾಖಲೆ, ನಾಗರಿಕ ಮೊಕದ್ದಮೆಗಳಲ್ಲಿ ಪೊಲೀಸರನ್ನು ಕಾಯುವ ವಿಶೇಷ ರಕ್ಷಣೆಗೆ ಕಡಿವಾಣ, ಇವೆಲ್ಲ ಇದ್ದ ಮಸೂದೆ ಪ್ರತಿನಿಧಿ ಸಭೆಯಲ್ಲಿ ಎರಡು ಸಲ ಗೆದ್ದಿತು. 2021ರ ಮಾರ್ಚ್‌ನಲ್ಲಿ ಅದು ಗೆದ್ದದ್ದು 220–212 ಮತಗಳಿಂದ. ಸೆನೆಟ್‌ನಲ್ಲಿ ಕೋರಿ ಬೂಕರ್, ಟಿಮ್ ಸ್ಕಾಟ್, ಪ್ರತಿನಿಧಿ ಸಭೆಯಿಂದ ಕ್ಯಾರನ್ ಬಾಸ್ ತಿಂಗಳುಗಟ್ಟಲೆ ಮಾತುಕತೆ ನಡೆಸಿದರು. ಎಫ್‌ಒಪಿ ಮತ್ತು ಪೊಲೀಸ್ ಮುಖ್ಯಸ್ಥರ ಸಂಘ ಆ ಮಾತುಕತೆಗೆ ಕೂತವು, ಕೆಲವು ಅಂಶಗಳಿಗೆ ಒಪ್ಪಿಯೂ ಇದ್ದವು. ಶೆರಿಫ್‌ಗಳ ಸಂಘ ಒಪ್ಪಲಿಲ್ಲ. ಮೊಕದ್ದಮೆಯಿಂದ ರಕ್ಷಣೆ ತೆಗೆಯುವ ಮಾತಿಗೆ ಮಾತ್ರ ಎಫ್‌ಒಪಿ ಕಡೆಯವರೆಗೂ ಬಗ್ಗಲಿಲ್ಲ. ಸೆಪ್ಟೆಂಬರ್ 22ರಂದು ಮಾತುಕತೆ ಮುರಿಯಿತು. ಅದೇ ವರ್ಷ ಮೇರಿಲ್ಯಾಂಡ್ ತನ್ನ 1974ರ ಹಕ್ಕುಪತ್ರವನ್ನು ರದ್ದುಮಾಡಿತ್ತು. ವಾಷಿಂಗ್ಟನ್ನಿನಲ್ಲಿ ತಡೆದದ್ದು ರಾಜ್ಯದಲ್ಲಿ ತಡೆಯಲಾಗಲಿಲ್ಲ.

ಈ ನೂರು ವರ್ಷದ ಲೆಕ್ಕವೆಲ್ಲ 2025ರ ಜನವರಿ ಒಂದೇ ತಿಂಗಳಲ್ಲಿ ಎದುರು ಬಂದು ನಿಂತಿತು. ಜನವರಿ 5ರಂದು ಬೈಡನ್ ಸಾಮಾಜಿಕ ಭದ್ರತಾ ‘ಫೇರ್‌ನೆಸ್’ ಕಾಯ್ದೆಗೆ ಸಹಿ ಹಾಕಿದರು. ಇಲಾಖೆಯ ಪಿಂಚಣಿ ಬರುತ್ತದೆಂಬ ಕಾರಣಕ್ಕೆ ಪೊಲೀಸರು, ಶಿಕ್ಷಕರು ಬೇರೆಡೆ ದುಡಿದು ಗಳಿಸಿದ ಅಥವಾ ಸಂಗಾತಿಯ ಸಾವಿನ ನಂತರ ಬರಬೇಕಾದ ಸಾಮಾಜಿಕ ಭದ್ರತೆಯ ಹಣ ಕತ್ತರಿಸುತ್ತಿದ್ದ 1977 ಮತ್ತು 1983ರ ನಿಯಮಗಳು ರದ್ದಾದವು. ಇದು ದಶಕಗಳ ಹಿಂದಿನ ಬೇಡಿಕೆ. ಸೆನೆಟ್‌ನಲ್ಲಿ ಪರವಾಗಿ 76 ಮತ ಬಿದ್ದಿದ್ದವು. ಜನವರಿ 20ರಂದು ಅಧಿಕಾರ ವಹಿಸಿಕೊಂಡ ಟ್ರಂಪ್, ಬೈಡನ್ 2022ರಲ್ಲಿ ಹೊರಡಿಸಿದ್ದ ಪೊಲೀಸ್ ಸುಧಾರಣೆಯ ಆದೇಶವನ್ನು ರದ್ದುಗೊಳಿಸಿದರು. ಕೇಂದ್ರ ಪೊಲೀಸ್ ಸಿಬ್ಬಂದಿಯ ದುರ್ನಡತೆ ದಾಖಲಿಸುವ ರಾಷ್ಟ್ರೀಯ ಕಡತ ಅದರೊಂದಿಗೆ ಮುಚ್ಚಿಹೋಯಿತು. ಅದೇ ದಿನ, ಸುಮಾರು 140 ಪೊಲೀಸರು ಗಾಯಗೊಂಡಿದ್ದ 2021ರ ಜನವರಿ 6ರ ಸಂಸತ್ ಭವನದ ದಾಳಿಯ ಆರೋಪಿಗಳಿಗೆ, ಪೊಲೀಸರ ಮೇಲೆ ಕೈಮಾಡಿ ಶಿಕ್ಷೆಗೊಳಗಾಗಿದ್ದವರೂ ಸೇರಿದಂತೆ, ಕ್ಷಮಾದಾನ ಸಿಕ್ಕಿತು. ಮೂರು ಚುನಾವಣೆಗಳಲ್ಲಿ ಟ್ರಂಪ್ ಬೆನ್ನಿಗೆ ನಿಂತಿದ್ದ ಎಫ್‌ಒಪಿ, ಮುಖ್ಯಸ್ಥರ ಸಂಘದ ಜೊತೆಗೂಡಿ ಮರುದಿನವೇ ಬೇಸರದ ಜಂಟಿ ಹೇಳಿಕೆ ಹೊರಡಿಸಿತು. ಕ್ಷಮಾದಾನ ಹಿಂದಕ್ಕೆ ಬರಲಿಲ್ಲ.