ಲಕ್ಷಣಪದಗಳಿಗೂ ಊರುಂಟು

ಪ್ರೌಢಶಾಲೆಯ ಕನ್ನಡ ಪಾಠಗಳಲ್ಲಿ ಛಂದಸ್ಸು ಮತ್ತು ಅಲಂಕಾರಗಳಿಗೆ ಕೊಡುವ ಸ್ಥಳ ಬಹಳ ಚಿಕ್ಕದು. ಮಕ್ಕಳು ‘ಯಮಾತಾರಾಜಭಾನಸಲಗಂ’ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಲಘು-ಗುರು ಗುರುತಿಸಿ ಪ್ರಸ್ತಾರ ಹಾಕುತ್ತಾರೆ, ಉಪಮೇಯ ಉಪಮಾನಗಳನ್ನು ಬೇರ್ಪಡಿಸಿ ಮೂರು-ನಾಲ್ಕು ಅಂಕ ಗಳಿಸುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ಈ ಹೆಸರುಗಳನ್ನು ಯಾರು ಇಟ್ಟರು, ಯಾವ ಅಗತ್ಯಕ್ಕೆ ಇಟ್ಟರು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ. ಆದ್ದರಿಂದ ತರಗತಿಯಲ್ಲಿಯೂ ಬರುವುದಿಲ್ಲ. ಸುರೇಬಾನದ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಇದು ದೊಡ್ಡ ನಷ್ಟವೆಂದು ತೋರುತ್ತದೆ. ಏಕೆಂದರೆ ಈ ವಿದ್ಯೆಯ ಕನ್ನಡದ ಚರಿತ್ರೆ ಆರಂಭವಾಗುವುದು ನಮ್ಮ ಮಲಪ್ರಭೆಯ ದಂಡೆಯ ಹೆಸರುಗಳೊಡನೆಯೇ.

ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಕಥೆಯಲ್ಲ, ಸ್ತೋತ್ರವಲ್ಲ. ಕಾವ್ಯವನ್ನು ಹೇಗೆ ಬರೆಯಬೇಕೆಂದು ಕಲಿಸುವ ‘ಕವಿರಾಜಮಾರ್ಗ’. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನು ದಂಡಿಯ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ಇದನ್ನು ರಚಿಸಿದನು. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅವನು ನಾಲ್ಕು ಊರುಗಳನ್ನು ಹೆಸರಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲೆಂದರೆ ಪಟ್ಟದಕಲ್ಲು. ಒಕ್ಕುಂದವನ್ನು ವಿದ್ವಾಂಸರು ಬೈಲಹೊಂಗಲ ತಾಲೂಕಿನ ವಕ್ಕುಂದವೆಂದು ಗುರುತಿಸಿದ್ದಾರೆ. ಒಂದು ನಮಗೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ; ನಡುವೆ ರಾಮದುರ್ಗ, ಸುರೇಬಾನಗಳ ಸೀಮೆ. ಲಕ್ಷಣಶಾಸ್ತ್ರ ಎಲ್ಲಿಂದಲೋ ಬಂದ ಕಠಿಣ ವಿದ್ಯೆಯೆಂದು ಹೆದರುವ ಹುಡುಗನಿಗೆ ಮೊದಲು ಈ ನಕಾಶೆಯನ್ನು ತೋರಿಸಬೇಕು.

ಶ್ರೀವಿಜಯನು ಸಂಸ್ಕೃತದ ಮಾತನ್ನು ಕಣ್ಣು ಮುಚ್ಚಿ ಒಪ್ಪಿದವನಲ್ಲ. ಸಂಸ್ಕೃತ ಪದ್ಯದಲ್ಲಿ ಯತಿಗೆ, ಅಂದರೆ ಸಾಲಿನ ನಡುವೆ ನಿಯತವಾದ ನಿಲುಗಡೆಗೆ, ಬಹಳ ಬೆಲೆ. ಕನ್ನಡ ಕವಿಗಳು ಯತಿಯನ್ನು ಬಿಟ್ಟುಕೊಟ್ಟು ಪ್ರಾಸವನ್ನು ಹಿಡಿದರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬುದು ಅವರ ಆಯ್ಕೆ. ಅದನ್ನು ಅವನು ದೋಷವೆನ್ನದೆ ಹೆಚ್ಚಳವೆಂದು ಮನ್ನಿಸಿದನು. ಚತ್ತಾಣ, ಬೆದಂಡೆ ಎಂಬ ದೇಸೀ ಕಾವ್ಯರೂಪಗಳನ್ನೂ ಹೆಸರಿಸಿ ಉಳಿಸಿದನು. ಮಕ್ಕಳು ಪುಸ್ತಕದಲ್ಲಿ ಕಾಣುವ ‘ಪ್ರಾಸ’ವೆಂಬ ಎರಡಕ್ಷರದ ಹಿಂದೆ ಒಂದು ಭಾಷೆ ತನ್ನ ಕಿವಿಯನ್ನು ತಾನೇ ನಂಬಿದ ಸಂಗತಿಯಿದೆ.

ಸುಮಾರು ಕ್ರಿ.ಶ. 990ರ ಹೊತ್ತಿಗೆ ಒಂದನೆಯ ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದನು. ಹೆಂಡತಿಯನ್ನು ಸಂಬೋಧಿಸಿ ಪಾಠ ಹೇಳಿದಂತೆ ಸಾಗುವ ಈ ಗ್ರಂಥದಲ್ಲಿ ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳು ಬರುತ್ತವೆ. ಬ್ರಹ್ಮಕ್ಕೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರಕ್ಕೆ ನಾಲ್ಕು. ಅಕ್ಷರ ಎಣಿಸಿದರೆ ಇವು ಸಿಕ್ಕುವುದಿಲ್ಲ, ಹಾಡಿ ಎಳೆದಾಗಲೇ ಸಿಕ್ಕುತ್ತವೆ. ತ್ರಿಪದಿಯಲ್ಲಿ ಒಟ್ಟು 11 ಗಣಗಳು. ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವೆಲ್ಲ ವಿಷ್ಣು. ಕಪ್ಪುಹಲಗೆಯ ಮೇಲೆ ಇದು ಲೆಕ್ಕದಂತೆ ಕಂಡು ಮಕ್ಕಳು ಬೇಸರಗೊಳ್ಳುತ್ತಾರೆ. ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದವನ್ನು ಯಾರಾದರೂ ಹೇಳಿರೆಂದರೆ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಶಾಸ್ತ್ರಕಾರ ಹೆಸರಿಟ್ಟದ್ದು ಅಜ್ಜಿಯ ಹಾಡಿಗೇ.

ಈ ಗ್ರಂಥಗಳು ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದಿದ್ದವು. ಫರ್ಡಿನೆಂಡ್ ಕಿಟೆಲ್ ಅವರು ‘ಛಂದೋಂಬುಧಿ’ಯನ್ನು 1875ರಲ್ಲಿ, ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು 1898ರಲ್ಲಿ ಅಚ್ಚಿಗೆ ತಂದರು. ಕೆಲವೇ ವರ್ಷಗಳಲ್ಲಿ ಹೊಸ ಗಾಳಿಯೂ ಬೀಸಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಎರಡನೆಯ ಅಕ್ಷರದ ಪ್ರಾಸವನ್ನೇ ಕೈಬಿಟ್ಟು ಬರೆದರು. ಅದೇ ವರ್ಷ ಧಾರವಾಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. 1926ರಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾಯಿತು. ಭಾವಗೀತೆ, ಪ್ರಗಾಥ, ಸುನೀತ, ಸರಳರಗಳೆ ಎಂಬ ಹೆಸರುಗಳು ಈ ಹೊಸ ಕಾಲದವು. ಸಾವಿರ ವರ್ಷ ನಡೆದುಬಂದ ನಿಯಮವನ್ನು ಕವಿಗಳೇ ಬದಲಿಸಿದರೆಂದು ತಿಳಿದ ವಿದ್ಯಾರ್ಥಿ ಲಕ್ಷಣವನ್ನು ಶಾಸನವೆಂದು ಭಾವಿಸಲಾರ.

ಇನ್ನು ನಾಟಕದ ಮಾತು. ಹಳಗನ್ನಡದಲ್ಲಿ ಚಂಪೂಕಾವ್ಯಗಳು ಹೇರಳ. ಆದರೆ ದೊರೆತಿರುವ ಮೊದಲ ನಾಟಕ 17ನೆಯ ಶತಮಾನದ್ದು. ಅದು ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಹರ್ಷನ ‘ರತ್ನಾವಳಿ’ಯ ರೂಪಾಂತರ. ಹೀಗಾಗಿ ನಾಂದಿ, ಸೂತ್ರಧಾರ, ಅಂಕ, ವಿದೂಷಕ ಮುಂತಾದ ಪದಗಳು ನಮಗೆ ಸಂಸ್ಕೃತದಿಂದಲೇ ಬಂದವು. ಒಮ್ಮೆ ಸೂತ್ರಧಾರನ ಕೆಲಸವನ್ನು ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸರ, ಅಂವ ಅಂದ್ರ ನಮ್ಮ ದೊಡ್ಡಾಟದಾನ ಸಾರಥಿ ಅಲ್ಲೇನ್ರೀ?” ಎಂದ. ಅಷ್ಟೇ ವಿವರಣೆ ಸಾಕಾಗಿತ್ತು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು, ಕೌಜಲಗಿ ನಿಂಗಮ್ಮನವರಿಂದ ಮನೆಮಾತಾದ ಶ್ರೀಕೃಷ್ಣ ಪಾರಿಜಾತದಲ್ಲಿ ಈ ಹೊಣೆ ಭಾಗವತನದು. ವೇಷಕ್ಕೆ ಸೋಗು, ಹಿಂದೆ ನಿಂತು ಹಾಡುವವರಿಗೆ ಹಿಮ್ಮೇಳ ಎಂಬ ಮಾತುಗಳೂ ನಮ್ಮ ಜನರ ಬಾಯಲ್ಲಿವೆ.

ಶಾಸ್ತ್ರವು ನಾಟಕದ ಕಥಾವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸುತ್ತದೆ. ಸುರೇಬಾನದ ಸಮೀಪದ ಶಬರಿಕೊಳ್ಳವನ್ನು ಕಂಡ ಮಕ್ಕಳಿಗೆ ‘ಪ್ರಖ್ಯಾತ’ಕ್ಕೆ ಬೇರೆ ಉದಾಹರಣೆ ಬೇಡ, ರಾಮಾಯಣದ ಶಬರಿಯ ಕಥೆಯೇ ಸಾಕು. ಆದರೆ ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಆಧರಿಸಿದ ಸಣ್ಣಾಟ ‘ಸಂಗ್ಯಾ ಬಾಳ್ಯಾ’ವನ್ನು ಎಲ್ಲಿ ಸೇರಿಸಬೇಕು? ಅದು ಪುರಾಣದ್ದಲ್ಲ, ಕವಿಯ ಕೇವಲ ಕಲ್ಪನೆಯೂ ಅಲ್ಲ. ಗೆಳೆತನ, ಪರಸ್ತ್ರೀ ಮೋಹ, ಗೆಳೆಯನ ದ್ರೋಹ, ಕೊನೆಗೆ ಸಂಗ್ಯಾನ ಕೊಲೆ. ಭಾಸನ ‘ಊರುಭಂಗ’ದಂತಹ ಅಪವಾದಗಳಿದ್ದರೂ ಸಂಸ್ಕೃತ ನಾಟ್ಯಪರಂಪರೆ ರಂಗದ ಮೇಲೆ ಸಾವನ್ನು ತೋರಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗ್ರೀಕ್ ಕವಿ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ. ಅವರು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಿಸಿದಾಗ ‘ರುದ್ರನಾಟಕ’ವೆಂಬ ಮಾತಿಗೆ ವಿದ್ಯಾವಂತರಲ್ಲಿ ಅರ್ಥ ತುಂಬಿತು. ಆ ಮಾತನ್ನು ಎಂದೂ ಕೇಳದ ಜನ ಹಳ್ಳಿಯ ಕಟ್ಟೆಯ ಮುಂದೆ ಸಂಗ್ಯಾನಿಗಾಗಿ ಕಣ್ಣೀರು ಹಾಕಿದ್ದಾರೆ. ಅನುಭವ ಅವರಲ್ಲಿತ್ತು, ಹೆಸರು ಮಾತ್ರ ಬೇರೆಡೆಯಿಂದ ಬರಬೇಕಾಯಿತು.

ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಕನ್ನಡ ಅಧ್ಯಾಪಕರಿಗೆ ದಾರಿದೀಪವಾದ ಗ್ರಂಥ. ಅದನ್ನು ಓದಿದವರಿಗೆ ರಸ, ಧ್ವನಿ, ಔಚಿತ್ಯಗಳು ಸ್ಪಷ್ಟವಾಗುತ್ತವೆ. ಆದರೆ ಸಾರಥಿ, ಸೋಗುಗಳಂಥ ಮಾತುಗಳು ಆಟದೊಡನೆ ಬದುಕುವಂಥವು. ಆಟಗಳು ವಿರಳವಾದಂತೆ ಆ ಮಾತುಗಳನ್ನು ಬಲ್ಲ ಮಕ್ಕಳೂ ವಿರಳರಾಗುತ್ತಾರೆ. ಸೂತ್ರಧಾರನೆಂದರೆ ಸಾರಥಿಯಲ್ಲವೇ ಎಂದು ಕೇಳುವ ಹುಡುಗ ಮುಂದೆ ತರಗತಿಯಲ್ಲಿ ಇಲ್ಲದಿದ್ದರೆ, ಸೂತ್ರಧಾರ ಬರೀ ಬಾಯಿಪಾಠದ ಪದವಾಗಿ ಉಳಿಯುತ್ತಾನೆ.

ಆದ್ದರಿಂದ ಈಗ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೇ. ಪುಸ್ತಕದ ಪ್ರತಿಯೊಂದು ಲಕ್ಷಣಪದವನ್ನು ಕಲಿಸುವ ಮೊದಲು, “ಇದಕ್ಕೆ ನಿಮ್ಮೂರಾಗ ಏನಂತಾರ?” ಎಂದು ಒಮ್ಮೆ ಕೇಳಿರಿ. ಉತ್ತರ ಬಂದರೆ ಅದನ್ನೂ ಹಲಗೆಯ ಮೇಲೆ ಶಾಸ್ತ್ರಪದದ ಪಕ್ಕದಲ್ಲಿಯೇ ಬರೆಯಿರಿ. ಬಾರದಿದ್ದರೆ ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿರಿ. ಚತ್ತಾಣ, ಬೆದಂಡೆಗಳ ಹೆಸರಾದರೂ ಇಂದು ನಮಗೆ ತಿಳಿದಿರುವುದು ಒಬ್ಬನು ಅವನ್ನು ಬರೆದಿಟ್ಟದ್ದರಿಂದ.