ಮದುವೆಯ ನಂತರ ಹೆಸರು ಬದಲಾವಣೆ: ದಾಖಲೆಗಳ ತೊಡಕು, ಪರಿಹಾರದ ದಾರಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಹೆಸರು. ವಿವಾಹಿತ ಮಹಿಳೆಯರಲ್ಲಿ ಅನೇಕರ ಸ್ಥಿತಿ ಇದು. ನಿತ್ಯದ ಬದುಕಿನಲ್ಲಿ ಇದರಿಂದ ಬಾಧೆಯಿಲ್ಲ. ಆದರೆ ಪಾಸ್‌ಪೋರ್ಟ್, ಪಿಂಚಣಿ ಅಥವಾ ತವರಿನ ಆಸ್ತಿಯ ಪಾಲಿಗಾಗಿ ಕಚೇರಿಯ ಮೆಟ್ಟಿಲೇರಿದಾಗ, ಈ ಮೂರೂ ಹೆಸರು ತನ್ನವೇ ಎಂದು ರುಜುವಾತುಪಡಿಸುವ ಹೊಣೆ ಆಕೆಯ ಮೇಲೆಯೇ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

ಮದುವೆಯಾದ ಹೆಣ್ಣು ಹೆಸರು ಬದಲಿಸಿಕೊಳ್ಳಲೇಬೇಕೆಂದು ದೇಶದ ಯಾವ ಕಾನೂನೂ ವಿಧಿಸಿಲ್ಲ. ಇದು ಕೇವಲ ರೂಢಿ. ಹಳೆಯ ಹೆಸರನ್ನೇ ಉಳಿಸಿಕೊಂಡವರಿಗೆ ಯಾವ ತಿದ್ದುಪಡಿಯ ಅಗತ್ಯವೂ ಇಲ್ಲ.

ನಮ್ಮ ರಾಜ್ಯದಲ್ಲಿ ರೂಢಿಯೂ ಒಂದೇ ಬಗೆಯಲ್ಲ. ಹಳೆ ಮೈಸೂರು ಭಾಗದಲ್ಲಿ ‘ಎಂ. ಸವಿತಾ’ ಎಂಬ ಹೆಸರು ಮದುವೆಯ ನಂತರ ‘ಸವಿತಾ ಮಂಜುನಾಥ್’ ಎಂದಾಗಬಹುದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಬದಲಾಗುತ್ತದೆ. ಕೆಲವು ಮನೆತನಗಳಲ್ಲಿ ಸೊಸೆಗೆ ಹೊಸ ಹೆಸರನ್ನೇ ಇಡುವ ಪದ್ಧತಿಯಿದೆ. ತೊಡಕು ಹೆಚ್ಚುವುದು ಈ ಕೊನೆಯ ಸಂದರ್ಭದಲ್ಲಿ.

ಮೊದಲ ಹೆಜ್ಜೆ: ವಿವಾಹ ನೋಂದಣಿ

ಎಲ್ಲ ಧರ್ಮೀಯರ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸುವ ವ್ಯವಸ್ಥೆ ಮಾಡುವಂತೆ ಸುಪ್ರೀಂ ಕೋರ್ಟ್ 2006ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತ್ತು. ಕರ್ನಾಟಕದಲ್ಲಿ ಇದಕ್ಕಾಗಿ 1976ರ ಕಾಯ್ದೆಯೇ ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೊರೆಯುವ ವಿವಾಹ ಪ್ರಮಾಣಪತ್ರವೇ ಮುಂದಿನ ಎಲ್ಲ ತಿದ್ದುಪಡಿಗಳಿಗೆ ಮುಖ್ಯ ಆಧಾರ.

ಆದರೆ ಈ ಪತ್ರದಲ್ಲಿ ಸಾಮಾನ್ಯವಾಗಿ ವಧುವಿನ ಮದುವೆಗೆ ಮುಂಚಿನ ಹೆಸರೇ ಇರುತ್ತದೆ. ಗಂಡನ ಹೆಸರನ್ನಷ್ಟೇ ಸೇರಿಸಿಕೊಳ್ಳುವವರಿಗೆ ಇದು ಸಾಕಾಗುತ್ತದೆ. ಸ್ವಂತ ಹೆಸರೇ ಬದಲಾಗಿದ್ದರೆ ನೋಟರಿ ಮುಂದೆ ಅಫಿಡವಿಟ್, ಪತ್ರಿಕಾ ಪ್ರಕಟಣೆ ಹಾಗೂ ರಾಜ್ಯಪತ್ರದಲ್ಲಿ ಪ್ರಕಟಣೆ ಬೇಕಾಗಬಹುದು.

ಯಾವ ದಾಖಲೆಗೆ ಏನು?

ಆಧಾರ್: ಹೆಸರನ್ನು ಜೀವಮಾನದಲ್ಲಿ 2 ಬಾರಿ ಮಾತ್ರ ಬದಲಿಸಲು ಅವಕಾಶ. ಮದುವೆಯ ಬದಲಾವಣೆಗೆ ಒಂದು, ಅದರಲ್ಲಾದ ಕಾಗುಣಿತದ ತಪ್ಪು ತಿದ್ದಲು ಇನ್ನೊಂದು ಎಂದು ಎರಡೂ ಮುಗಿದುಹೋಗುವ ಸಾಧ್ಯತೆಯಿದೆ. ಆದ್ದರಿಂದ ಅರ್ಜಿಯಲ್ಲಿನ ಇಂಗ್ಲಿಷ್ ಹಾಗೂ ಕನ್ನಡ ಅಕ್ಷರಗಳೆರಡನ್ನೂ ಪರಿಶೀಲಿಸಿಯೇ ಸಹಿ ಮಾಡಬೇಕು. ಸಹಾಯವಾಣಿ ಸಂಖ್ಯೆ 1947.

ಪ್ಯಾನ್: ಹೆಸರು ಬದಲಾದರೂ ಸಂಖ್ಯೆ ಬದಲಾಗದು, ಹೊಸ ಪ್ಯಾನ್‌ಗೆ ಅರ್ಜಿ ಹಾಕಿ ಎರಡು ಸಂಖ್ಯೆ ಹೊಂದುವುದು ದಂಡಾರ್ಹ. ವಿವಾಹಿತೆಯ ಕಾರ್ಡ್‌ನಲ್ಲಿಯೂ ಗಂಡನ ಹೆಸರಿನ ಕಾಲಂ ಇರುವುದಿಲ್ಲ. ಆಧಾರ್ ಮತ್ತು ಪ್ಯಾನ್ ಹೆಸರು ಹೊಂದದಿದ್ದರೆ ಇವೆರಡರ ಜೋಡಣೆ ವಿಫಲವಾಗುತ್ತದೆ. ಜೋಡಣೆಯಾಗದ ಪ್ಯಾನ್‌ಗಳನ್ನು 2023ರ ಜುಲೈ 1ರಿಂದ ನಿಷ್ಕ್ರಿಯಗೊಳಿಸಲಾಯಿತು.

ಪಾಸ್‌ಪೋರ್ಟ್: ಹೆಸರು ಬದಲಾದರೆ ಹಳೆಯದನ್ನು ತಿದ್ದುವುದಿಲ್ಲ, ಮರುವಿತರಣೆಗೆ ಅರ್ಜಿ ಹಾಕಬೇಕು. ವಿಮಾನ ಟಿಕೆಟ್ ಮತ್ತು ವೀಸಾದ ಹೆಸರು ಪಾಸ್‌ಪೋರ್ಟ್‌ಗೆ ಹೊಂದಿಕೆಯಾಗಬೇಕು. ಪ್ರಯಾಣ ನಿಗದಿಯಾದ ಮೇಲೆ ಬದಲಾವಣೆಗೆ ಕೈಹಾಕದಿರುವುದು ಲೇಸು.

ಮತದಾರರ ಗುರುತಿನ ಚೀಟಿ: ನಮೂನೆ 8ರಲ್ಲಿ ಅರ್ಜಿ. ಹೆಸರಿನ ತಿದ್ದುಪಡಿ, ವಿಳಾಸ ಬದಲಾವಣೆ ಎರಡಕ್ಕೂ ಇದೇ ನಮೂನೆ.

ಅಂಕಪಟ್ಟಿ: ಮದುವೆಯ ಕಾರಣಕ್ಕೆ ಇದನ್ನು ತಿದ್ದಿಸುವ ವಾಡಿಕೆಯಿಲ್ಲ. ಉದ್ಯೋಗದ ಅರ್ಜಿಯೊಂದಿಗೆ ವಿವಾಹ ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು.

ನಷ್ಟ ಎಲ್ಲಿ?

2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಈ ತೊಡಕನ್ನು ಮನೆಮನೆಗೂ ಪರಿಚಯಿಸಿತು. ಮನೆಯ ಯಜಮಾನಿಗೆ ಮಾಸಿಕ 2,000 ರೂಪಾಯಿ ನೀಡುವ ಈ ಯೋಜನೆಯಲ್ಲಿ ಪಡಿತರ ಚೀಟಿ, ಆಧಾರ್ ಹಾಗೂ ಬ್ಯಾಂಕ್ ಖಾತೆಯ ಹೆಸರುಗಳು ತಾಳೆಯಾಗದ ಮಹಿಳೆಯರು ಹಣಕ್ಕಾಗಿ ಅಲೆಯಬೇಕಾಯಿತು.

ತವರಿನ ಆಸ್ತಿಯ ವಿಷಯದಲ್ಲಿ ಪಣ ಇನ್ನೂ ದೊಡ್ಡದು. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆದರೆ ವಂಶವೃಕ್ಷದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದಿದ್ದರೆ ಖಾತೆ ಬದಲಾವಣೆಗೆ ಆಕ್ಷೇಪ ಬರುವುದು ಸಹಜ.

ಮರಳಿ ಹಳೆಯ ಹೆಸರಿಗೆ ಬರುವುದು ಮತ್ತೂ ಕಠಿಣ. ತವರಿನ ಅಡ್ಡಹೆಸರು ಮರಳಿ ಪಡೆಯಲು ವಿಚ್ಛೇದನದ ಡಿಕ್ರಿ ಅಥವಾ ಗಂಡನ ನಿರಾಕ್ಷೇಪಣಾ ಪತ್ರ ಕೇಳಿದ್ದ ಕೇಂದ್ರದ ಅಧಿಸೂಚನೆಯನ್ನು ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದರು.

ನೆನಪಿಡಬೇಕಾದ್ದು

ಬದಲಾವಣೆ ಮಾಡುವುದಾದರೆ ವಿವಾಹ ನೋಂದಣಿ, ಆಧಾರ್, ಪ್ಯಾನ್, ಬ್ಯಾಂಕ್, ಉಳಿದ ದಾಖಲೆಗಳು ಎಂಬ ಕ್ರಮ ಅನುಸರಿಸುವುದು ಅನುಕೂಲ. ಎಲ್ಲೆಡೆಯೂ ಒಂದೇ ಕಾಗುಣಿತವಿರಲಿ. ಹಳೆಯ ಹೆಸರಿನ ದಾಖಲೆಗಳ ಪ್ರತಿಗಳನ್ನು ಎಂದಿಗೂ ಎಸೆಯಬಾರದು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಇರುವ ಕೊಂಡಿ ಅವೇ. ಅರ್ಧಕ್ಕೆ ನಿಂತ ಬದಲಾವಣೆಗಿಂತ, ಬದಲಿಸದೆ ಉಳಿದ ಹೆಸರೇ ಹೆಚ್ಚು ಕ್ಷೇಮ.