ಗೃಹಬಂಧನದಲ್ಲಿ ಕಾಲಯಾಪನೆ

ಗುಂಡ್ಲುಪೇಟೆಯಿಂದ ಮೂಡಣ ದಿಕ್ಕಿನಲ್ಲಿ ಚಾಮರಾಜನಗರವನ್ನು ಕುರಿತು ಹೋಗುವ ದಾರಿಯಲ್ಲಿ ತೆರಕಣಾಂಬಿಯು ಸಿಕ್ಕುವುದು. ಉಮ್ಮತ್ತೂರಿನ ಒಡೆಯರ ಕಾಲದಲ್ಲಿ ಕೋಟೆಕೊತ್ತಲಗಳಿಂದ ಮೆರೆದ ಈ ಊರಿನಲ್ಲಿ ಲಕ್ಷ್ಮೀವರದರಾಜಸ್ವಾಮಿಯ ಗುಡಿಯೇ ಮೊದಲಾದ ಹಳೆಯ ದೇವಾಲಯಗಳು ಪೂರ್ವವೈಭವಕ್ಕೆ ಸಾಕ್ಷಿಯಾಗಿ ನಿಂತಿವೆ. ಇಲ್ಲಿಂದ ಪಡುವಲಿಗೆ ಹೋಗಿ, ಗುಂಡ್ಲುಪೇಟೆಯನ್ನು ದಾಟಿ ತೆಂಕಣಕ್ಕೆ ತಿರುಗಿದರೆ ಹಂಗಳ. ಮೂಡಲಿಗೆ ಹೋದರೆ ಅರಿಕುಠಾರ, ಎಂದರೆ ಈಗಿನ ಚಾಮರಾಜನಗರ. ನಡುವೆ ಇರುವುದು ಒಂದು ದಿನದ ಎತ್ತಿನ ಗಾಡಿಯ ಪಯಣಕ್ಕಿಂತ ಹೆಚ್ಚಿಲ್ಲದ ನೆಲ. ಆದರೆ ಮೈಸೂರಿನ ರಾಜವಂಶದಲ್ಲಿ ಮನೆಯೊಳಗೆ ಕಟ್ಟುಬಿದ್ದು ಕಾಲ ಕಳೆಯಬೇಕಾಗಿ ಬಂದ ಇಬ್ಬರು ದೊರೆಗಳ ವೃತ್ತಾಂತವು ಈ ದಾರಿಯ ಎರಡು ತುದಿಗಳಿಗೂ ತಗುಲಿಕೊಂಡಿರುವುದು.

ಹೊರಗೆ ಹೋಗಲು ಬಾರದೆ, ಮಾಡಲು ಕೆಲಸವಿಲ್ಲದೆ, ಮನೆಯಲ್ಲಿಯೇ ಕುಳಿತಿರುವುದು ಎಂತಹ ಕಷ್ಟವೆಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ಮಳೆಗಾಲದಲ್ಲಿ ಯತಿಗಳು ಒಂದೆಡೆ ನಿಲ್ಲಬೇಕೆಂದು ಚಾತುರ್ಮಾಸ್ಯವನ್ನು ವಿಧಿಸಿದವರು ಆ ನಾಲ್ಕು ತಿಂಗಳಿಗೆ ಪಾಠಪ್ರವಚನಗಳನ್ನೂ ಜೊತೆಗೂಡಿಸಿದರು. ಗೃಹಸ್ಥರ ಮನೆಗಳಲ್ಲಿ ಆಷಾಢದ ಜಡಿಮಳೆಗೆ ಅಳಗುಳಿಮಣೆಯು ಅಟ್ಟದಿಂದ ಇಳಿಯುತ್ತಿದ್ದಿತು. ಹದಿನಾಲ್ಕು ಗುಳಿಗಳಲ್ಲಿ ಹುಣಿಸೆಬೀಜಗಳನ್ನು ಹಂಚುತ್ತ ಅತ್ತೆಸೊಸೆಯರು ಹಗಲನ್ನು ನೂಕುತ್ತಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಒಂದನ್ನು ವಿನೋದಗಳಿಗೂ ಮತ್ತೊಂದನ್ನು ಕ್ರೀಡೆಗಳಿಗೂ ಮೀಸಲಿಟ್ಟನು. ರಾಜ್ಯವನ್ನು ಪಡೆಯುವ ಬಗೆ, ಉಳಿಸಿಕೊಳ್ಳುವ ಬಗೆ ಇವುಗಳ ಸಾಲಿನಲ್ಲಿಯೇ ಆಟಪಾಟಗಳನ್ನೂ ಇಟ್ಟುದು ಗಮನಿಸತಕ್ಕ ವಿಷಯ. ಆದರೆ ಆಳುವವನಿಗೆ ಬಿಡುವು ಬೇರೆ. ಆಳುವ ಕೆಲಸವನ್ನೇ ಕಳೆದುಕೊಂಡವನಿಗೆ ಬರುವ ಬಿಡುವು ಬೇರೆ.

ಮೊದಲು ಹಂಗಳದ ವಿಚಾರ. 1659ರಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ತೀರಿಕೊಂಡ ಬಳಿಕ ಪಟ್ಟವು ದೇವರಾಜ ಒಡೆಯರಿಗೆ ಬಂದಿತು. ಅವರ ಸೋದರನ ಮಗನಾದ ಚಿಕ್ಕದೇವರಾಜನು 1645ರಲ್ಲಿ ಹುಟ್ಟಿದವನು, ಬುದ್ಧಿಶಾಲಿ, ಚುರುಕಿನವನು. ಇಂತಹ ಉತ್ತರಾಧಿಕಾರಿಯು ಸಿಂಹಾಸನದ ಬಳಿಯಲ್ಲಿರುವುದು ಯಾವ ಅರಸನಿಗೂ ನೆಮ್ಮದಿಯ ಸಂಗತಿಯಲ್ಲ. ಆದ್ದರಿಂದ ಯುವರಾಜನನ್ನು ರಾಜಧಾನಿಯಾದ ಶ್ರೀರಂಗಪಟ್ಟಣದಿಂದ ದೂರಕ್ಕೆ, ಗೋಪಾಲಸ್ವಾಮಿ ಬೆಟ್ಟದ ಬುಡದ ಹಂಗಳದಲ್ಲಿ ಕಾವಲಿನಲ್ಲಿರಿಸಿದರು. ಒಂದು ಕಡೆ ಮಂಜು ಮುಸುಕಿದ ಬೆಟ್ಟ, ಮತ್ತೊಂದು ಕಡೆ ಕಾಡು. ಸುದ್ದಿಯೂ ಸಾವಕಾಶವಾಗಿ ಬರುವ ಎಡೆ. ಇಪ್ಪತ್ತರ ಹರೆಯದ ಕ್ಷತ್ರಿಯಕುಮಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯೋಚಿಸುವುದು ಕಷ್ಟ.

ಅಲ್ಲಿ ಅವನನ್ನು ಕಾಪಾಡಿದುದು ಸಹವಾಸ. ಯಳಂದೂರಿನ ಜೈನನಾದ ವಿಶಾಲಾಕ್ಷ ಪಂಡಿತನು ಬಾಲ್ಯದ ಸಹಪಾಠಿ. ಹಂಗಳದಲ್ಲಿಯೂ ಅವನೇ ಜೊತೆಗಾರ. ಪಂಡಿತನು ಜ್ಯೋತಿಷದ ಬಲದಿಂದ, ನೀನು ಅರಸನಾಗುವೆಯೆಂದು ಭವಿಷ್ಯ ನುಡಿದನೆಂದೂ, ಹಾಗಾದರೆ ನೀನೇ ಮಂತ್ರಿಯೆಂದು ಯುವರಾಜನು ಮಾತು ಕೊಟ್ಟನೆಂದೂ ಹೇಳಿಕೆಯುಂಟು. ಭವಿಷ್ಯವು ನಿಜವೋ ಕಟ್ಟುಕಥೆಯೋ ಅದು ಹಾಗಿರಲಿ. ಕಾವಲಿನಲ್ಲಿರುವ ಯುವಕನಿಗೆ ನಾಳೆ ಎಂಬುದೊಂದು ಉಂಟೆಂದು ದಿನವೂ ನೆನಪಿಸುವ ಗೆಳೆಯನಿದ್ದನೆಂಬುದೇ ಮುಖ್ಯ. ಒಂಟಿಯಾಗಿ ಓದಿದ್ದು ಒಣಗಿಹೋಗುವುದುಂಟು. ಎದುರಿಗೆ ಕುಳಿತು ಪ್ರತಿವಾದಿಸುವವನಿದ್ದರೆ ಅದು ಚಿಗುರುವುದು. ಪಾಠಶಾಲೆಗಳಲ್ಲಿ ಚಿಂತನವನ್ನು ಇಬ್ಬಿಬ್ಬರಾಗಿ ಮಾಡಿಸುತ್ತಿದ್ದುದು ಸುಮ್ಮನೆ ಅಲ್ಲ.

1673ರ ಫೆಬ್ರವರಿಯಲ್ಲಿ ಚಿಕ್ಕದೇವರಾಜ ಒಡೆಯರಿಗೆ ಪಟ್ಟವಾಯಿತು. ಮಾತಿನಂತೆ ವಿಶಾಲಾಕ್ಷ ಪಂಡಿತನು ಪ್ರಧಾನನಾದನು. 1686ರಲ್ಲಿ ಕೊಲೆಗೆ ಈಡಾಗುವವರೆಗೂ ಆ ಪದವಿಯಲ್ಲಿದ್ದನು. ಆಮೇಲೆ ಬಂದವನು ಇನ್ನೊಬ್ಬ ಸಹಪಾಠಿಯಾದ ತಿರುಮಲಾರ್ಯ. ಹದಿನೆಂಟು ಚಾವಡಿಗಳ ಏರ್ಪಾಟು, ಅಂಚೆಯ ವ್ಯವಸ್ಥೆ, ಕಾವೇರಿಯ ನಾಲೆಗಳು, 1687ರಲ್ಲಿ ಮೊಗಲರಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡುದು, ಇವೆಲ್ಲ ಪ್ರಸಿದ್ಧವೇ ಆಗಿವೆ. ತಂದೆಯು ಕಾಲವಾದ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿಯನ್ನೂ ಅಗ್ರಹಾರವನ್ನೂ ಮಾಡಿಸಿದರು. ಗುಡಿ ನಿಂತ ಆ ನೆಲಕ್ಕೂ ತಾವು ಕಾವಲಿನಲ್ಲಿದ್ದ ಹಂಗಳಕ್ಕೂ ಕೆಲವೇ ಮೈಲಿಗಳ ದೂರ. ಸೇಡಿನ ಗುರುತನ್ನು ಅಲ್ಲಿ ಬಿಡದೆ ಶ್ರಾದ್ಧದ ಗುರುತನ್ನು ಬಿಟ್ಟುದು ಅವರ ಹಿರಿಮೆ. ಕಂದಾಯದ ವಸೂಲಿಯಲ್ಲಿ ಅವರು ತೋರಿದ ಕಾಠಿಣ್ಯವನ್ನು ಈ ಮಾತಿನಿಂದ ಮುಚ್ಚಬೇಕಾಗಿಲ್ಲ. ಅದು ಬೇರೆಯ ಲೆಕ್ಕ.

ಅದೇ ಅರಮನೆಯ ಒಳಗೆ, ಯಾವ ಯುದ್ಧದಿಂದಲೂ ಯಾವ ಸಂದೇಹದಿಂದಲೂ ಅಲ್ಲದೆ, ಹೆಣ್ಣಾಗಿ ಹುಟ್ಟಿದ ಕಾರಣದಿಂದಲೇ ನಾಲ್ಕು ಗೋಡೆಗಳ ನಡುವೆ ಬಾಳಿದವರು ಎಷ್ಟೋ ಮಂದಿ. ಯಳಂದೂರಿನ ಹೊನ್ನಮ್ಮನು ರಾಣಿ ದೇವಾಜಮ್ಮಣ್ಣಿಯವರ ಬಳಿಯಲ್ಲಿ ಎಲೆಅಡಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು. ಕರೆದಾಗ ತಾಂಬೂಲ ಕೊಡುವುದು, ಕರೆಯದಿದ್ದಾಗ ಕಾಯುವುದು. ಇದಕ್ಕಿಂತ ಬರಿದಾದ ಕೆಲಸ ಬೇರೆ ಉಂಟೆ? ಆ ಕಾಯುವ ಹೊತ್ತಿನಲ್ಲಿ ಅವಳು ಅಳಸಿಂಗರಾರ್ಯನಿಂದ ವಿದ್ಯೆ ಕಲಿತು, ಸಾಂಗತ್ಯದಲ್ಲಿ ಹದಿಬದೆಯ ಧರ್ಮವೆಂಬ ಕಾವ್ಯವನ್ನು ಬರೆದಳು. ಹೆಣ್ಣುಮಕ್ಕಳನ್ನು ಹಳಿಯುವವರನ್ನು ಆ ಗ್ರಂಥದಲ್ಲಿ ಕೆಣಕಿ ಕೇಳಿದಳು. ಚಿಕ್ಕದೇವರಾಜರ ಆಸ್ಥಾನದ ದೊಡ್ಡ ಪಂಡಿತರ ಚಂಪೂಗಳನ್ನು ಈಗ ವಿದ್ವಾಂಸರು ಮಾತ್ರ ತೆರೆಯುವರು. ಸಂಚಿಯವಳ ಪದಗಳನ್ನು ಮನೆಮನೆಯವರೂ ಬಲ್ಲರು.

ಇನ್ನು ಅರಿಕುಠಾರದ ಕಥೆ. 1776ರಲ್ಲಿ ಮೈಸೂರಿನ ಗಾದಿಯು ತೆರವಾದಾಗ ಹೈದರಾಲಿಯು ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಕೊಠಡಿಯಲ್ಲಿ ಸೇರಿಸಿ, ಆಟಿಕೆ, ಹಣ್ಣು, ಆಯುಧಗಳನ್ನು ಹರಡಿಸಿದನೆಂದೂ, ಒಂದು ಕೈಯಲ್ಲಿ ಹೊಳೆಯುವ ಕಠಾರಿಯನ್ನೂ ಮತ್ತೊಂದರಲ್ಲಿ ನಿಂಬೆಹಣ್ಣನ್ನೂ ಹಿಡಿದ ಮಗುವನ್ನೇ ರಾಜನೆಂದು ಆರಿಸಿದನೆಂದೂ ವಿಲ್ಕ್ಸನು ಬರೆದಿರುವನು. ಆ ಮಗುವೇ ಅರಿಕುಠಾರದಲ್ಲಿ ಹುಟ್ಟಿದ ಖಾಸಾ ಚಾಮರಾಜ ಒಡೆಯರು. ಕಠಾರಿ ಹಿಡಿದುದರಿಂದ ಸಿಕ್ಕಿದ್ದು ಹೆಸರಿಗೆ ಸಿಂಹಾಸನ, ನಿಜಕ್ಕೆ ಸೆರೆ. 1796ರಲ್ಲಿ ಅವರು ತೀರಿಕೊಂಡ ಮೇಲೆ ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ ಸಾಮಾನ್ಯವಾದ ಒಂದು ಮನೆಯಲ್ಲಿ ಇರಿಸಿದರು. ಎರಡು ವರ್ಷವೂ ತುಂಬದಿದ್ದ ಮಗ ಕೃಷ್ಣರಾಜನು ಅಲ್ಲಿಯೇ ಬೆಳೆದನು. ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರು ಮಾತ್ರ ಆ ಸೆರೆಯಲ್ಲಿ ಸುಮ್ಮನೆ ಕುಳಿತವರಲ್ಲ. ಅವರು ಗುಟ್ಟಾಗಿ ದೂತರನ್ನು ನಡೆಸಿ, 1782ರಷ್ಟು ಹಿಂದೆಯೇ ಇಂಗ್ಲಿಷರೊಡನೆ ಒಡಂಬಡಿಕೆ ಮಾಡಿಸಿದ್ದರು. ಹದಿನೇಳು ವರ್ಷ ಕಾದ ಮೇಲೆ, 1799ರ ಜೂನ್ 30ರಂದು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ತಂದೆಯ ನೆನಪಿಗಾಗಿ ಅವರು 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, ಚಾಮರಾಜೇಶ್ವರನ ದೇವಾಲಯವನ್ನೂ ಜನನ ಮಂಟಪವನ್ನೂ ಕಟ್ಟಿಸಿದರು.

ಹುಟ್ಟಿನೊಡನೆ ಬಂದ ಬಂಧನವು ನಡುವಯಸ್ಸಿನಲ್ಲಿ ಇನ್ನೊಂದು ರೂಪದಿಂದ ಮರಳಿತು. ನಗರದ ರೈತರ ದಂಗೆಯನ್ನೂ ಅರಮನೆಯ ಸಾಲವನ್ನೂ ಮುಂದಿಟ್ಟುಕೊಂಡು, 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡನು. ಸಾಲಗಳು ಸುಳ್ಳಲ್ಲ, ದಾನಧರ್ಮಗಳಲ್ಲಿ ಅರಸರ ಕೈ ತೀರ ಸಡಿಲವಾಗಿತ್ತೆಂಬುದೂ ಸುಳ್ಳಲ್ಲ. ಆದರೆ ದಂಡನೆಯು ಅಪರಾಧವನ್ನು ಮೀರಿತ್ತು. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದೆ ಬದುಕಿದ್ದುದೂ ಸುಮಾರು ಅಷ್ಟೇ ವರ್ಷ. ವರ್ಷಕ್ಕೆ ಒಂದು ಲಕ್ಷ ವರಾಹಗಳೂ ರಾಜ್ಯದ ನಿವ್ವಳ ಆದಾಯದಲ್ಲಿ ಐದನೆಯ ಒಂದು ಭಾಗವೂ ಸಲ್ಲುತ್ತಿದ್ದುವು. ಅರಮನೆ, ಆನೆ, ಅಂಬಾರಿ ಎಲ್ಲವೂ ಇದ್ದುವು. ಇಲ್ಲದ್ದು ಬೆಳಗಾಗೆದ್ದು ಮಾಡಬೇಕಾದ ಕೆಲಸ ಮಾತ್ರ. ಬೆಂಗಳೂರಿನಲ್ಲಿ ಕಮಿಷನರ ಕಚೇರಿಯು ನಾಡನ್ನು ಆಳುತ್ತಿದ್ದಿತು. ಮೈಸೂರಿನಲ್ಲಿ ಅರಸರು ದಸರೆಯ ಒಂಬತ್ತು ದಿನ ಅರಸರಾಗಿದ್ದರು.

ಈ ಮೂವತ್ತೇಳು ವರ್ಷಗಳನ್ನು ಅವರು ತುಂಬಿದ ಬಗೆಯನ್ನು ಕೆಲವರು ಹಗುರವಾಗಿ ಆಡಿರುವರು. ರಾಜ್ಯ ಹೋದರೂ ಇಸ್ಪೀಟು ಬಿಡಲಿಲ್ಲವೆಂದು ನಗುವವರುಂಟು. ನಗುವ ಮೊದಲು ಆ ಆಟಗಳನ್ನು ನೋಡಬೇಕು. ದಶಾವತಾರದ ಗಂಜೀಫಿನಲ್ಲಿ ಹತ್ತು ಬಣಗಳು, ಬಣಕ್ಕೆ ಹನ್ನೆರಡರಂತೆ 120 ಎಲೆಗಳು. ಕೃಷ್ಣರಾಜರು ಇದನ್ನು ಬೆಳೆಸಿ, ಛದಗಳೆಂಬ ಹೆಸರಿನಿಂದ, 36 ಎಲೆಗಳಿಂದ 360 ಎಲೆಗಳವರೆಗಿನ ಹೊಸ ಆಟಗಳನ್ನು ರಚಿಸಿದರು. ಚಾಮುಂಡೇಶ್ವರೀ ಛದವೊಂದರಲ್ಲಿಯೇ ಹದಿನಾರು ಬಣಗಳು, 320 ಎಲೆಗಳು. ಎಲೆಎಲೆಗೂ ದೇವತೆ, ವಾಹನ, ಆಯುಧ, ಬಣ್ಣಗಳು ನಿಯತ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಆಡುವವನು ಪುರಾಣವನ್ನೂ ಆಗಮವನ್ನೂ ಕರಗತ ಮಾಡಿಕೊಂಡಿರಬೇಕು. ಅವುಗಳನ್ನು ಬರೆದ ಚಿತ್ರಗಾರರ ಮನೆಗಳಿಗೆ ಆ ಆಟಗಳಿಂದಲೇ ಅನ್ನ ಹುಟ್ಟಿತೆಂಬುದನ್ನೂ ಮರೆಯಬಾರದು.

ಚದುರಂಗದಲ್ಲಿ ಅವರಿಗೆ ಪ್ರಿಯವಾದುದು ಎದುರಾಳಿಯೇ ಬೇಡದ ಒಂದು ಸಮಸ್ಯೆ. ಕುದುರೆಯೊಂದನ್ನೇ ಮಣೆಯ ಮೇಲಿಟ್ಟು, ಅದರ ಸೊಟ್ಟನಡೆಯಿಂದ ಅರುವತ್ತನಾಲ್ಕು ಮನೆಗಳನ್ನೂ, ಒಂದನ್ನೂ ಬಿಡದೆ, ಒಂದನ್ನೂ ಎರಡು ಬಾರಿ ಮುಟ್ಟದೆ, ಸುತ್ತಿಸಬೇಕು. ಇದು ನಮ್ಮ ಅಲಂಕಾರಿಕರಿಗೆ ಹಳೆಯ ವಿದ್ಯೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ತುರಗಪದಬಂಧವುಂಟು. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಉಂಟು; ಒಂದು ಶ್ಲೋಕದ ಅಕ್ಷರಗಳನ್ನು ಕುದುರೆಯ ನಡೆಯಿಂದ ಓದಿದರೆ ಇನ್ನೊಂದು ಶ್ಲೋಕವು ಹೊರಡುವುದು. ಆ ದೇಶಿಕರೇ ಶ್ರೀರಂಗದ ವಿಪ್ಲವಕಾಲದಲ್ಲಿ ಕೊಳ್ಳೇಗಾಲದ ಸೀಮೆಯ ಸತ್ಯಾಗಾಲದಲ್ಲಿ ತಲೆಮರೆಸಿಕೊಂಡಿದ್ದರೆಂದು ಸಂಪ್ರದಾಯವುಂಟು. ಮನೆಬಿಟ್ಟವರಿಗೂ ಮನೆಯಲ್ಲಿ ಕಟ್ಟುಬಿದ್ದವರಿಗೂ ಈ ಸೀಮೆಯು ಆಶ್ರಯ ಕೊಟ್ಟುದು ಒಂದೇ ಸಲವಲ್ಲ. ಕುದುರೆಯ ಹೆಜ್ಜೆಗೆ ಒಂದರಿಂದ ಅರುವತ್ತನಾಲ್ಕರವರೆಗೆ ಅಂಕಗಳನ್ನು ಬರೆದು, ಅಡ್ಡಸಾಲು ಉದ್ದಸಾಲುಗಳ ಮೊತ್ತವು ಎಲ್ಲೆಡೆಯೂ 260 ಆಗುವಂತೆ ನಡೆಸಲು ಯತ್ನಿಸಿದವರಿಗೆ ಅದರ ಕಾಠಿಣ್ಯ ತಿಳಿಯುವುದು. ಇಂತಹ ಅಂಕಚೌಕಗಳಲ್ಲಿ ಅರಸರು ದಿನಗಟ್ಟಲೆ ಮುಳುಗಿರುತ್ತಿದ್ದರು.

ಇದನ್ನು ಬರಿಯ ಮರೆವಿನ ಮದ್ದೆನ್ನುವುದು ಸರಿಯಲ್ಲ. ರಾಜ್ಯವನ್ನು ಮರೆತವರು ಗವರ್ನರ್ ಜನರಲ್ಲರಿಗೆ ಮೇಲಿಂದ ಮೇಲೆ ಬಿನ್ನವತ್ತಳೆಗಳನ್ನು ಬರೆಯಿಸುತ್ತಿರಲಿಲ್ಲ. ಒಬ್ಬರು ಅಲ್ಲಗಳೆದರೆ ಮುಂದಿನವರು ಬರುವವರೆಗೆ ಕಾಯುವರು, ಮತ್ತೆ ಬರೆಯಿಸುವರು. ಒಂದು ಉತ್ತರಕ್ಕೂ ಮತ್ತೊಂದಕ್ಕೂ ನಡುವಣ ವರ್ಷಗಳಲ್ಲಿ ಮನಸ್ಸು ಕೆಡದಂತೆ ಕಾಪಾಡಿದವು ಈ ಮಣೆಗಳು. ಹಂಗಳದ ಯುವರಾಜನಿಗೆ ವಯಸ್ಸು ಬೆಂಬಲವಾಗಿತ್ತು, ಕಾದರೆ ಸಾಕಾಗಿತ್ತು. ಕೃಷ್ಣರಾಜರಿಗೆ ಒಂದೊಂದು ವರ್ಷವೂ ಆಸೆಯನ್ನು ಕಡಮೆಮಾಡುತ್ತ ಬಂದಿತು. ಆದರೂ ಕೈಗೆತ್ತಿಕೊಂಡುದನ್ನು ನಿಯಮ ತಪ್ಪದೆ ಮುಗಿಸುತ್ತಿದ್ದರು. ಇಬ್ಬರಲ್ಲಿ ಇವರದೇ ಕಠಿಣತರವಾದ ಸಾಧನೆಯೆನ್ನಬೇಕು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪಾಠಶಾಲೆಯನ್ನು ತೆರೆದರು. 1861ರಲ್ಲಿ ಜಗನ್ಮೋಹನ ಅರಮನೆಯು ಎದ್ದಿತು, ಅದರ ಗೋಡೆಗಳ ಮೇಲೂ ಆಟದ ಚೌಕಗಳು ಮೂಡಿದುವು.

ಎಲ್ಲಕ್ಕೂ ಮಿಗಿಲಾದುದು ಶ್ರೀತತ್ತ್ವನಿಧಿ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳ ಈ ಸಚಿತ್ರ ಸಂಗ್ರಹವು ಅವರ ಆಶ್ರಯದಲ್ಲಿ ಪಂಡಿತರೂ ಚಿತ್ರಗಾರರೂ ಕೂಡಿ ಸಿದ್ಧಪಡಿಸಿದುದು. ಧ್ಯಾನಶ್ಲೋಕಗಳಿಗೆ ತಕ್ಕಂತೆ ದೇವತಾಮೂರ್ತಿಗಳನ್ನು ಬಿಡಿಸಿರುವ ಈ ಗ್ರಂಥವನ್ನು ಶಿಲ್ಪಿಗಳು ಕೈಪಿಡಿಯಂತೆ ಬಳಸಬಹುದು. ಛದಗಳ ಲಕ್ಷಣವು ಕೊನೆಯ ಕೌತುಕನಿಧಿಯಲ್ಲಿ ಇರುವುದು.

1865ರಲ್ಲಿ ಅರಸರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತುಪುತ್ರನಿಗೆ ರಾಜ್ಯವನ್ನು ಮರಳಿ ಒಪ್ಪಿಸುವುದಾಗಿ 1867ರಲ್ಲಿ ಇಂಗ್ಲೆಂಡಿನ ಸರ್ಕಾರವು ನಿರ್ಧರಿಸಿತು. ಮರುವರ್ಷ ಮಾರ್ಚ್ 27ರಂದು ಕೃಷ್ಣರಾಜರು ಕಣ್ಣು ಮುಚ್ಚಿದರು. ಒಪ್ಪಿಸುವಿಕೆಯು 1881ರ ಮಾರ್ಚ್ 25ರಂದು ನೆರವೇರಿತು. ಶ್ರೀತತ್ತ್ವನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳೂ ಇರುವುವು. ಹಗ್ಗವನ್ನು ಹಿಡಿದು ಮಾಡುವ ಕೆಲವು ಭಂಗಿಗಳು ಅವುಗಳಲ್ಲಿ ಸೇರಿವೆ. ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು 1996ರಲ್ಲಿ ಆ ಭಾಗವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ ಮೇಲೆ, ಅರಮನೆಯ ಚಿತ್ರಗಾರನು ಬರೆದ ಆ ಭಂಗಿಗಳು ಹೊರನಾಡಿನ ಯೋಗಾಭ್ಯಾಸಿಗಳ ಕಣ್ಣಿಗೂ ಬಿದ್ದುವು.